ಇಲಿ ಗರ್ಭಕೋಶದ ಈಸ್ಟ್ರಜನ್ ರಿಸೆಪ್ಟರ್ ಅಸ್ಸೇ: ಸ್ಕ್ಯಾಚಾರ್ಡ್ ಗೆರೆ ಎರಡೂ ತುದಿಯಲ್ಲಿ ಬಾಗುತ್ತಿದೆ, ಯಾಕೆ?

ಸ್ಮಿತಾ_ಪ್ರಾಣಿಶಾಸ್ತ್ರ (ಪ್ರಶ್ನೆ)

ನಮಸ್ಕಾರ. ಈ ರಿಸೆಪ್ಟರನ್ನು ಮೊದಲು ಕಂಡ ಎಲ್ವುಡ್ ಜೆನ್ಸನ್ ತೋರಿಸಿಕೊಟ್ಟ ದಾರಿಯಲ್ಲೇ ಎಳೆ ಇಲಿಗಳ ಗರ್ಭಕೋಶದಲ್ಲಿ ಈಸ್ಟ್ರಜನ್ ರಿಸೆಪ್ಟರ್ (ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಎಷ್ಟಿದೆ, ಹಾರ್ಮೋನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಅಳೆಯಬೇಕಾಗಿದೆ. ವಿಧಾನವನ್ನು ಪೂರ್ತಿ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ.

ಪ್ರಾಣಿ: 21 ದಿನದ ವಿಸ್ಟಾರ್ ಹೆಣ್ಣು ಇಲಿಗಳು. ಗರ್ಭಕೋಶ ತೆಗೆದು ಕೊಬ್ಬು ಬಿಡಿಸಿ, ಒಟ್ಟುಗೂಡಿಸಿ, ಪ್ರತಿ ಮಿ.ಲೀ. ಬಫರ್‌ಗೆ 50 ಮಿ.ಗ್ರಾಂ ಅಂಗಾಂಶದಂತೆ ಐಸ್ ಮೇಲೆ ಹೋಮೋಜಿನೈಸ್ ಮಾಡಿದ್ದು. ಬಫರ್: ಟ್ರಿಸ್ 10 ಮಿಲಿಮೋಲಾರ್, ಇಡಿಟಿಎ 1.5, ಡಿಟಿಟಿ 1, ಸೋಡಿಯಂ ಮಾಲಿಬ್ಡೇಟ್ 20, ಗ್ಲಿಸರಾಲ್ ಶೇ. 10, ಪಿಎಚ್ 7.4. 1,05,000 ಜಿ ವೇಗದಲ್ಲಿ 4 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಿ ಮೇಲಿನ ತಿಳಿ, ಅಂದರೆ ಸೈಟೋಸಾಲ್, ತೆಗೆದುಕೊಂಡಿದ್ದೇವೆ. ಪ್ರೋಟೀನ್ ಮಿ.ಲೀ.ಗೆ ಸುಮಾರು 2 ಮಿ.ಗ್ರಾಂ.

ಟ್ಯೂಬಿಗೆ ಒಟ್ಟು 250 ಮೈಕ್ರೋಲೀಟರ್. ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಹಚ್ಚಿದ, ‘ಹಾಟ್’ ಎನ್ನುವ ಈಸ್ಟ್ರಡಯಾಲ್ (100 ಕ್ಯೂರಿ ಪ್ರತಿ ಮಿಲಿಮೋಲ್) 0.1ರಿಂದ 10 ನ್ಯಾನೊಮೋಲಾರ್‌ವರೆಗೆ ಎಂಟು ಹಂತ. ನಾನ್-ಸ್ಪೆಸಿಫಿಕ್ (ರಿಸೆಪ್ಟರ್ ಅಲ್ಲದೆ ಬೇರೆಡೆ ಅಂಟಿದ್ದನ್ನು ಅಳೆಯುವ) ಟ್ಯೂಬುಗಳಿಗೆ 100 ಪಟ್ಟು ಕೋಲ್ಡ್, ಅಂದರೆ ಟ್ರಿಟಿಯಂ ಇಲ್ಲದ, ಈಸ್ಟ್ರಡಯಾಲ್. 4 ಡಿಗ್ರಿಯಲ್ಲಿ 16 ಗಂಟೆ. ಆಮೇಲೆ ಡೆಕ್ಸ್‌ಟ್ರಾನ್ ಲೇಪಿಸಿದ ಚಾರ್ಕೋಲ್, ಸ್ಪಿನ್, ಎಣಿಕೆ. ಫ್ರೀ (ಯಾವುದಕ್ಕೂ ಅಂಟದೆ ಉಳಿದ ಹಾರ್ಮೋನ್) ಎಂದರೆ ಟ್ಯೂಬಿಗೆ ಹಾಕಿದ ಪ್ರಮಾಣ ಎಂದೇ ಹಿಡಿದು ಲೆಕ್ಕ ಹಾಕಿದ್ದೇವೆ.

ಸ್ಕ್ಯಾಚಾರ್ಡ್ ಗೆರೆ (ಅಡ್ಡ ಅಕ್ಷದಲ್ಲಿ ಬೌಂಡ್, ಅಂದರೆ ಕಟ್ಟಿಕೊಂಡ ಹಾರ್ಮೋನ್; ಲಂಬ ಅಕ್ಷದಲ್ಲಿ ಬೌಂಡ್/ಫ್ರೀ) ನೇರ ಬರುತ್ತಿಲ್ಲ. ಎಡ ತುದಿ, ಅಂದರೆ ಕಡಿಮೆ ಸಾಂದ್ರತೆಯ ಕಡೆ, ಕೆಳಕ್ಕೆ ಬಗ್ಗುತ್ತದೆ. ಬಲ ತುದಿ ಅಡಿರೇಖೆಯನ್ನು ಮುಟ್ಟದೆ ಬಾಲದಂತೆ ಎಳೆದುಕೊಂಡು ಹೋಗುತ್ತದೆ. ಎರಡು ಗೆರೆ ಕೂಡಿಸಿದರೆ ಒಂದರ ಕೆಡಿ (Kd, ಹಿಡಿತದ ಅಳತೆ; ಚಿಕ್ಕದಾದಷ್ಟೂ ಹಿಡಿತ ಬಿಗಿ) ನ್ಯಾನೊಮೋಲಾರ್‌ಗಿಂತ ಕಡಿಮೆ, ಇನ್ನೊಂದರದ್ದು 8 ನ್ಯಾನೊಮೋಲಾರ್ ಆಸುಪಾಸು.

ಪ್ರಶ್ನೆ ಎರಡು. ಒಂದು, ನಿಜವಾಗಿಯೂ ಎರಡು ಬಗೆಯ ರಿಸೆಪ್ಟರ್ ಇದೆಯೇ? ಎರಡು, ಪಠ್ಯದಲ್ಲಿ ‘ಹಾರ್ಮೋನ್ ಸೈಟೋಪ್ಲಾಸಂನಲ್ಲಿ ರಿಸೆಪ್ಟರನ್ನು ಕೂಡಿಕೊಂಡು ಆಮೇಲೆ ನ್ಯೂಕ್ಲಿಯಸ್‌ಗೆ ಹೋಗುತ್ತದೆ’ ಎಂದಿದೆ. ನಾವು ಸೈಟೋಸಾಲ್ ಅಳೆಯುತ್ತಿರುವುದರಿಂದ ಪ್ರಬಂಧದಲ್ಲೂ ಹಾಗೇ ಬರೆಯಬಹುದೇ?

ಬೀಟಾ_ಎಣಿಕೆ

ಎಡ ತುದಿಯ ರೋಗ ಬೇರೆ, ಬಲ ತುದಿಯದು ಬೇರೆ. ಎಡದ್ದನ್ನು ನಾನು ಹೇಳುತ್ತೇನೆ, ಅದು ಬರೀ ಲೆಕ್ಕದ ಮಾತು.

‘ಫ್ರೀ ಎಂದರೆ ಹಾಕಿದ ಪ್ರಮಾಣ’ ಎಂದು ಹಿಡಿಯಬಹುದಾದದ್ದು ರಿಸೆಪ್ಟರ್ ಬಹಳ ಕಡಿಮೆ ಇದ್ದಾಗ ಮಾತ್ರ. ಮಿ.ಲೀ.ಗೆ 2 ಮಿ.ಗ್ರಾಂ ಪ್ರೋಟೀನ್ ಇರುವ ಗರ್ಭಕೋಶದ ಸೈಟೋಸಾಲ್‌ನಲ್ಲಿ ರಿಸೆಪ್ಟರ್ 0.4 ನ್ಯಾನೊಮೋಲಾರ್ ಇದೆ, ಕೆಡಿ 0.2 ಎಂದಿಟ್ಟುಕೊಳ್ಳಿ. ನೀವು 0.1 ನ್ಯಾನೊಮೋಲಾರ್ ಹಾಟ್ ಹಾಕಿದ ಟ್ಯೂಬಿನಲ್ಲಿ ಸಮತೋಲ ಬಂದಾಗ ಸುಮಾರು 0.063 ಕಟ್ಟಿಕೊಂಡಿರುತ್ತದೆ, ಫ್ರೀ ಉಳಿದಿರುವುದು 0.037 ಮಾತ್ರ. ನೀವು 0.1 ಎಂದು ಬರೆದುಕೊಂಡರೆ ಬೌಂಡ್/ಫ್ರೀ ಅನುಪಾತ ಎರಡೂವರೆ ಪಟ್ಟಿಗೂ ಹೆಚ್ಚು ಕಡಿಮೆ ಬರುತ್ತದೆ. 10 ನ್ಯಾನೊಮೋಲಾರ್ ಟ್ಯೂಬಿನಲ್ಲಿ ಇದೇ ತಪ್ಪು ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಎಡ ತುದಿ ಮಾತ್ರ ಬಗ್ಗುತ್ತದೆ, ಕೆಡಿಯೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪರಿಹಾರ: ಪ್ರತಿ ಹಂತಕ್ಕೂ ಒಂದು ‘ಟೋಟಲ್’ ಟ್ಯೂಬ್ ಇಡಿ, ಚಾರ್ಕೋಲ್ ಹಾಕದೆ ನೇರ ಎಣಿಸಿ. ಫ್ರೀ ಎಂದರೆ ಟೋಟಲ್‌ನಿಂದ ಎಲ್ಲ ಬೌಂಡ್ ಕಳೆದದ್ದು, ಸ್ಪೆಸಿಫಿಕ್ ಬೌಂಡ್ ಮಾತ್ರ ಅಲ್ಲ. ಪಿಪೆಟ್ಟಿನಲ್ಲಿ ಅಳೆದ ಲೆಕ್ಕವನ್ನೂ ನಂಬಬೇಡಿ. ಈಸ್ಟ್ರಡಯಾಲ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ಸಾಂದ್ರತೆ ಕಡಿಮೆಯಾದಷ್ಟೂ ನಷ್ಟದ ಪಾಲು ಹೆಚ್ಚು. ಗಾಜಿನ ಟ್ಯೂಬ್ ಬಳಸಿ.

ನಿಮ್ಮ ಲೇಬಲ್‌ಗೆ ಪರಿವರ್ತನೆ ಸುಲಭ. 1 ಕ್ಯೂರಿ ಎಂದರೆ ನಿಮಿಷಕ್ಕೆ 2.22 ಲಕ್ಷ ಕೋಟಿ ವಿಘಟನೆ. 100 ಕ್ಯೂರಿ ಪ್ರತಿ ಮಿಲಿಮೋಲ್ ಇದ್ದಾಗ 1 ಫೆಮ್ಟೋಮೋಲ್‌ಗೆ 222 ಡಿಪಿಎಂ (ನಿಮಿಷಕ್ಕೆ ವಿಘಟನೆ). 250 ಮೈಕ್ರೋಲೀಟರ್‌ನಲ್ಲಿ 1 ನ್ಯಾನೊಮೋಲಾರ್ ಅಂದರೆ 250 ಫೆಮ್ಟೋಮೋಲ್, 55,500 ಡಿಪಿಎಂ. ಟೋಟಲ್ ಟ್ಯೂಬಿನಲ್ಲಿ ಇದರ ಹತ್ತಿರ ಬರದಿದ್ದರೆ ಮೊದಲು ಡೈಲ್ಯೂಷನ್ ಸರಿಪಡಿಸಿ, ಮಿಕ್ಕಿದ್ದು ಆಮೇಲೆ. ಸಿಪಿಎಂ (ಕೌಂಟರ್ ಕಂಡ ಎಣಿಕೆ) ಅಲ್ಲ, ಕ್ವೆಂಚ್ (ವಯಲ್‌ನಲ್ಲಿ ಬೆಳಕು ನಷ್ಟವಾಗುವುದು) ತಿದ್ದಿದ ಡಿಪಿಎಂ ಹಾಕಿ. ಚಾರ್ಕೋಲ್ ಪುಡಿ ವಯಲ್‌ಗೆ ಬಂದರೆ ಬೆಳಕನ್ನೇ ನುಂಗುತ್ತದೆ.

ಇನ್ನೊಂದು: ಕಡಿಮೆ ಸಾಂದ್ರತೆಯ ಟ್ಯೂಬುಗಳು 4 ಡಿಗ್ರಿಯಲ್ಲಿ ಸಮತೋಲಕ್ಕೆ ಬರುವುದು ನಿಧಾನ. 16 ಗಂಟೆಯದನ್ನೂ 24 ಗಂಟೆಯದನ್ನೂ ಒಮ್ಮೆ ಹೋಲಿಸಿ. ಅಂಕಿ ಏರಿದರೆ ಬಾಗುವಿಕೆಯ ಒಂದು ಪಾಲು ಅಲ್ಲಿಂದಲೇ ಬಂದದ್ದು.

ಅಂದ ಹಾಗೆ ಕೆಡಿಯನ್ನು ಸ್ಕ್ಯಾಚಾರ್ಡ್ ಗೆರೆಯಿಂದ ಓದಬೇಡಿ. ಬೌಂಡ್ ಎರಡೂ ಅಕ್ಷದಲ್ಲಿ ಇರುವುದರಿಂದ ದೋಷವೂ ಎರಡೂ ಕಡೆ ಕೂರುತ್ತದೆ. ಸ್ಯಾಚುರೇಷನ್ ಕರ್ವ್‌ಗೆ ನಾನ್-ಲೀನಿಯರ್ ಫಿಟ್ ಮಾಡಿ. ಸ್ಕ್ಯಾಚಾರ್ಡ್ ಇರುವುದು ರೋಗ ಕಂಡುಹಿಡಿಯಲು, ಅದಕ್ಕೆ ಈಗಲೂ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅಂಡಾಶಯ_77

ಬಲ ತುದಿಯ ಬಾಲ ಬೀಟಾ ರಿಸೆಪ್ಟರ್ ಇರಬಹುದಲ್ಲವೇ? 1996ರಲ್ಲಿ ಗುಸ್ಟಾಫ್ಸನ್ ಗುಂಪು ಸ್ವೀಡನ್‌ನಲ್ಲಿ ಇಲಿ ಪ್ರಾಸ್ಟೇಟ್‌ನಿಂದ ಎರಡನೇ ಈಸ್ಟ್ರಜನ್ ರಿಸೆಪ್ಟರ್ ಕ್ಲೋನ್ ಮಾಡಿದ ಮೇಲೆ, ಹಳೆಯ ಎರಡು-ಗೆರೆ ಸ್ಕ್ಯಾಚಾರ್ಡ್‌ಗಳೆಲ್ಲ ಆಲ್ಫಾ-ಬೀಟಾ ಮಿಶ್ರಣ ಎಂದೇ ಅನ್ನಿಸುತ್ತದೆ.

ಸುಕ್ರೋಸ್_ಭಟ್ಟ

@ಅಂಡಾಶಯ_77, ಅದು ಹೊಂದುವುದಿಲ್ಲ. ಈಸ್ಟ್ರಡಯಾಲ್ ಮಟ್ಟಿಗೆ ಆಲ್ಫಾ, ಬೀಟಾ ಎರಡರ ಕೆಡಿಯೂ ನ್ಯಾನೊಮೋಲಾರ್‌ಗಿಂತ ಕಡಿಮೆ, ಒಂದಕ್ಕೊಂದು ಹತ್ತಿರ. ಎರಡನ್ನು ಬೆರೆಸಿದರೂ ಈಸ್ಟ್ರಡಯಾಲ್‌ನ ಸ್ಕ್ಯಾಚಾರ್ಡ್ ಹೆಚ್ಚುಕಡಿಮೆ ಒಂದೇ ಗೆರೆಯಾಗಿ ಬರುತ್ತದೆ. ಬೇರೆ ಬೇರೆ ಕಾಣಿಸಬೇಕಾದರೆ ಜೆನಿಸ್ಟೀನ್‌ನಂಥ, ಬೀಟಾವನ್ನೇ ಹೆಚ್ಚು ಹಿಡಿಯುವ ಲೈಗ್ಯಾಂಡ್ ಬೇಕು. ಅಲ್ಲದೆ ಗರ್ಭಕೋಶದಲ್ಲಿ ಆಲ್ಫಾದ್ದೇ ಆಳ್ವಿಕೆ. ಬೀಟಾ ಹುಡುಕುವವರು ಅಂಡಾಶಯದ ಗ್ರ್ಯಾನ್ಯುಲೋಸಾ ಕೋಶಕ್ಕೆ ಹೋಗಬೇಕು, ನಿಮ್ಮ ಹೆಸರಿನಲ್ಲೇ ಇದೆಯಲ್ಲ.

ಸ್ಮಿತಾ ಅವರೇ, ಉತ್ತರ ನಿಮ್ಮ ಪ್ರಶ್ನೆಯ ‘21 ದಿನ’ ಎಂಬ ಮಾತಿನಲ್ಲಿದೆ. ಆಲ್ಫಾ ಫೀಟೋಪ್ರೋಟೀನ್.

ಇಲಿ, ಹೆಗ್ಗಣ, ಚಿಟ್ಟಿಲಿಗಳ ಭ್ರೂಣ ಮತ್ತು ಎಳೆ ಮರಿಗಳ ರಕ್ತದಲ್ಲಿ ಈ ಪ್ರೋಟೀನ್ ಧಾರಾಳ. ಮನುಷ್ಯರದ್ದು ಈಸ್ಟ್ರಡಯಾಲನ್ನು ಹಿಡಿಯುವುದಿಲ್ಲ ಎನ್ನಬಹುದು, ಇಲಿಯದ್ದು ಚೆನ್ನಾಗಿ ಹಿಡಿಯುತ್ತದೆ. ಕೆಡಿ ಹತ್ತು ನ್ಯಾನೊಮೋಲಾರ್ ಸುತ್ತಮುತ್ತ. ಹುಟ್ಟಿದ ಮೇಲೆ ಇಳಿಯುತ್ತಾ ಹೋಗುತ್ತದೆ, ಆದರೆ ಮೂರು ವಾರಕ್ಕೆ ಪೂರ್ತಿ ಹೋಗಿರುವುದಿಲ್ಲ. ನಿಮಗೆ ಬಂದ ಎರಡನೇ ಕೆಡಿ ಎಷ್ಟು ಎಂದಿರಿ? 8.

ಅಷ್ಟು ಸ್ವಲ್ಪ ರಕ್ತ ಇಷ್ಟು ಕೆಡಿಸುತ್ತದೆಯೇ ಎಂದರೆ, ಲೆಕ್ಕ ನೋಡಿ. ಅದರ ಅಣುತೂಕ ಸುಮಾರು 70,000. ಸೈಟೋಸಾಲ್‌ನಲ್ಲಿ ಮಿ.ಲೀ.ಗೆ ಬರೀ 1 ಮೈಕ್ರೋಗ್ರಾಂ ಉಳಿದಿದ್ದರೂ ಅದು 14 ನ್ಯಾನೊಮೋಲಾರ್. ರಿಸೆಪ್ಟರ್ ಇರುವುದು ಅರ್ಧ ನ್ಯಾನೊಮೋಲಾರ್. ಅಂದರೆ ಹಿಡಿತ ಸಡಿಲವಾದರೂ ಸಂಖ್ಯೆಯಲ್ಲಿ ಅದು ಮೂವತ್ತು ಪಟ್ಟು.

ಈಗ ಮುಖ್ಯ ವಿಷಯ. ನಾನ್-ಸ್ಪೆಸಿಫಿಕ್‌ಗೆ ನೀವು ಹಾಕಿದ್ದು ಕೋಲ್ಡ್ ಈಸ್ಟ್ರಡಯಾಲ್. 10 ನ್ಯಾನೊಮೋಲಾರ್ ಟ್ಯೂಬಿನಲ್ಲಿ ಅದು 1 ಮೈಕ್ರೋಮೋಲಾರ್. ಅದು ರಿಸೆಪ್ಟರ್‌ನಿಂದ ಹಾಟ್ ಅನ್ನು ಹೊರಗೆ ಹಾಕುವಂತೆ ಫೀಟೋಪ್ರೋಟೀನ್‌ನಿಂದಲೂ ಹಾಕುತ್ತದೆ. ಹಾಗಾಗಿ ಫೀಟೋಪ್ರೋಟೀನ್ ಹಿಡಿದದ್ದೆಲ್ಲ ನಿಮ್ಮ ಪುಸ್ತಕದಲ್ಲಿ ‘ಸ್ಪೆಸಿಫಿಕ್’ ಖಾತೆಗೆ ಜಮೆ. ಕೋಲ್ಡ್ ಈಸ್ಟ್ರಡಯಾಲ್ ಬದಲು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್, ನಾವೆಲ್ಲ ಡಿಇಎಸ್ ಎನ್ನುವುದು, ಅದನ್ನು ಹಾಕಿ. ಡಿಇಎಸ್ ರಿಸೆಪ್ಟರನ್ನು ಈಸ್ಟ್ರಡಯಾಲ್‌ನಷ್ಟೇ ಅಥವಾ ತುಸು ಹೆಚ್ಚೇ ಬಿಗಿಯಾಗಿ ಹಿಡಿಯುತ್ತದೆ, ಫೀಟೋಪ್ರೋಟೀನ್‌ನ ಗೊಡವೆಗೆ ಹೋಗುವುದಿಲ್ಲ. ಆಗ ಫೀಟೋಪ್ರೋಟೀನ್ ಹಿಡಿದದ್ದು ನಾನ್-ಸ್ಪೆಸಿಫಿಕ್ ಟ್ಯೂಬಿನಲ್ಲೇ ಉಳಿದು, ಕಳೆಯುವಾಗ ಹೊರಟುಹೋಗುತ್ತದೆ. 200 ಪಟ್ಟು ಸಾಕು.

ಆದರೆ ಕಳೆಯುವುದನ್ನೇ ನಂಬಿ ಕೂರಬೇಡಿ. ಫೀಟೋಪ್ರೋಟೀನ್ ಹೆಚ್ಚಿದ್ದರೆ ಫ್ರೀ ಹಾರ್ಮೋನನ್ನು ಅದೇ ಹೀರಿಕೊಂಡು, ಬೀಟಾ_ಎಣಿಕೆ ಹೇಳಿದ ಎಡ ತುದಿಯ ತೊಂದರೆಯೂ ಹೆಚ್ಚುತ್ತದೆ. ಮೂಲದಲ್ಲೇ ತಗ್ಗಿಸಿ. ಗರ್ಭಕೋಶವನ್ನು ಉದ್ದುದ್ದ ಸೀಳಿ, ಐಸ್‌ನಷ್ಟು ತಣ್ಣಗಿರುವ ಸಲೈನ್‌ನಲ್ಲಿ ಎರಡು ಮೂರು ಸಲ ಜಾಲಾಡಿ, ಫಿಲ್ಟರ್ ಕಾಗದದ ಮೇಲೆ ಒತ್ತಿ ಆಮೇಲೆ ತೂಕ ಮಾಡಿ. ಸೈಟೋಸಾಲ್‌ಗೆ ಗುಲಾಬಿ ಬಣ್ಣ ಇದ್ದರೆ ರಕ್ತ ಉಳಿದಿದೆ ಎಂದೇ ಅರ್ಥ. ಬಣ್ಣ ಹೋದ ಮಾತ್ರಕ್ಕೆ ಸೀರಂ ಪ್ರೋಟೀನ್ ಹೋಯಿತು ಎಂದೂ ಅಲ್ಲ. ಅಂಗಾಂಶದ ಸಂದುಗಳ ದ್ರವದಲ್ಲೂ ಅದು ಇರುತ್ತದೆ.

ಕಂಟ್ರೋಲ್ ಆಗಿ ಅದೇ ಇಲಿಗಳ ಅಸ್ಥಿಸ್ನಾಯುವಿನಿಂದ ಅಷ್ಟೇ ಪ್ರೋಟೀನ್ ಇರುವ ಸೈಟೋಸಾಲ್ ಮಾಡಿ, ಅದೇ ಟ್ಯೂಬುಗಳನ್ನು ಇಡಿ. ಸ್ನಾಯುವಿನಲ್ಲಿ ರಿಸೆಪ್ಟರ್ ನಗಣ್ಯ. ಅಲ್ಲೂ 8 ನ್ಯಾನೊಮೋಲಾರ್ ಬಾಲ ಕಂಡರೆ ಬಾಲ ಯಾರದ್ದು ಎಂದು ತೀರ್ಮಾನವಾಯಿತು. ಜೆನ್ಸನ್ ಪ್ರಯೋಗದ ಜೀವಾಳವೂ ಈ ಹೋಲಿಕೆಯೇ, ಗರ್ಭಕೋಶಕ್ಕೆ ಎದುರಾಗಿ ಸ್ನಾಯು, ಪಿತ್ತಜನಕಾಂಗ, ಮೂತ್ರಪಿಂಡ ಇಟ್ಟು ನೋಡುವುದು.

ಅಲ್ಟ್ರಾಸೆಂಟ್ರಿಫ್ಯೂಜ್‌ಗೆ ಸ್ವಿಂಗಿಂಗ್ ಬಕೆಟ್ ರೋಟರ್ ಇದ್ದರೆ ಒಂದು ಸುಕ್ರೋಸ್ ಗ್ರೇಡಿಯಂಟ್ ಓಡಿಸಿಬಿಡಿ. ಶೇ. 5ರಿಂದ 20, ರಾತ್ರಿಯಿಡೀ, 4 ಡಿಗ್ರಿ. ಹಾಟ್ ಮಾತ್ರ ಹಾಕಿದ್ದೊಂದು, ಹಾಟ್ ಜತೆ ಡಿಇಎಸ್ ಹಾಕಿದ್ದೊಂದು. ಮಾರ್ಕರ್ ಆಗಿ ಬೋವೈನ್ ಆಲ್ಬುಮಿನ್, ಅದು 4.6 ಎಸ್ (ತಳಕ್ಕಿಳಿಯುವ ವೇಗದ ಅಳತೆ) ಹತ್ತಿರ ನಿಲ್ಲುತ್ತದೆ. ಉಪ್ಪು ಕಡಿಮೆ ಇರುವ ಗ್ರೇಡಿಯಂಟ್‌ನಲ್ಲಿ ರಿಸೆಪ್ಟರ್ 8 ಎಸ್‌ನಲ್ಲಿ ಕೂರುತ್ತದೆ, ಡಿಇಎಸ್ ಹಾಕಿದರೆ ಆ ಶಿಖರ ಮಾಯ. ಫೀಟೋಪ್ರೋಟೀನ್ ಆಲ್ಬುಮಿನ್ ಪಕ್ಕದಲ್ಲೇ, 4 ಎಸ್ ಕಡೆ, ಡಿಇಎಸ್‌ಗೆ ಅಲ್ಲಾಡುವುದಿಲ್ಲ. 0.4 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಗ್ರೇಡಿಯಂಟ್ ಈ ಕೆಲಸಕ್ಕೆ ಬೇಡ. ಅಲ್ಲಿ ರಿಸೆಪ್ಟರೂ ಒಡೆದು 4 ಎಸ್‌ಗೆ ಬಂದು ಎರಡೂ ಒಂದರ ಮೇಲೊಂದು ಕೂರುತ್ತವೆ. ಬೇರೆ ಕಾರಣಕ್ಕೆ ಉಪ್ಪಿನದನ್ನು ಮಾಡುವುದಾದರೆ ಮಾಲಿಬ್ಡೇಟ್ ಬಿಡಿ, ಅದಿದ್ದರೆ 8 ಎಸ್ ಪೂರ್ತಿ ಒಡೆಯುವುದಿಲ್ಲ.

ಹೂಸ್ಟನ್‌ನಲ್ಲಿ ಕ್ಲಾರ್ಕ್ ಮತ್ತು ಪೆಕ್ ಹೇಳಿದ, ಈಸ್ಟ್ರಜನನ್ನು ಸಡಿಲವಾಗಿ ಹಿಡಿಯುವ ‘ಟೈಪ್ 2’ ಸ್ಥಾನಗಳ ಹೆಸರನ್ನು ಯಾರಾದರೂ ಎತ್ತಬಹುದು. ಅವು ಹತ್ತಾರು ನ್ಯಾನೊಮೋಲಾರ್‌ನಲ್ಲಿ ಬರುವಂಥವು. ಫೀಟೋಪ್ರೋಟೀನ್ ಇಲ್ಲ ಎಂದು ತೋರಿಸದೆ ಅಲ್ಲಿಗೆ ಹೋಗುವುದು ಬೇಡ.

ಸ್ಮಿತಾ_ಪ್ರಾಣಿಶಾಸ್ತ್ರ

ಭಟ್ಟರೇ, ಬೀಟಾ_ಎಣಿಕೆಯವರೇ, ತುಂಬಾ ಉಪಕಾರವಾಯಿತು. ಹಾಗಾದರೆ ಎಳೆ ಇಲಿ ಬಿಟ್ಟು ದೊಡ್ಡ ಇಲಿಗೆ ಹೋಗುವುದೇ ಲೇಸಲ್ಲವೇ? ಇನ್ನೊಂದು, ಡಬ್ಬಲ್ ಟ್ಯೂಬುಗಳ ನಡುವೆ ಶೇ. 15ರಿಂದ 20 ವ್ಯತ್ಯಾಸ ಬರುತ್ತಿದೆ. ಚಾರ್ಕೋಲ್ ಹಂತವೇ ಕಾರಣವೇ?

ಬೀಟಾ_ಎಣಿಕೆ

ಡಬ್ಬಲ್‌ಗಳು ಅಷ್ಟು ಆಡುತ್ತಿದ್ದರೆ ನೂರಕ್ಕೆ ತೊಂಬತ್ತು ಪಾಲು ಚಾರ್ಕೋಲೇ. ಹೀಗೆ ಮಾಡಿ ನೋಡಿ.

ನೋರಿಟ್ ಎ (ಚಾರ್ಕೋಲ್) ಶೇ. 0.5, ಡೆಕ್ಸ್‌ಟ್ರಾನ್ ಟಿ-70 ಶೇ. 0.05, ಅದೇ ಟ್ರಿಸ್ ಬಫರ್‌ನಲ್ಲಿ ಹಿಂದಿನ ದಿನವೇ ಕಲಸಿ 4 ಡಿಗ್ರಿಯಲ್ಲಿಡಿ. ಬಳಸುವಾಗ ಬೀಕರ್ ಐಸ್ ಮೇಲೆ, ಮ್ಯಾಗ್ನೆಟಿಕ್ ಸ್ಟಿರರ್ ನಿಲ್ಲಿಸದೆ. ಕಣ ಕ್ಷಣದಲ್ಲಿ ತಳ ಸೇರುತ್ತದೆ. ಸ್ಟಿರರ್ ನಿಂತರೆ ಮೊದಲ ಟ್ಯೂಬಿಗೆ ಗಟ್ಟಿ, ಕೊನೆಯದಕ್ಕೆ ನೀರು. ಪಿಪೆಟ್ ತುದಿಯನ್ನು ಕತ್ತರಿಸಿ ಬಾಯಿ ಅಗಲ ಮಾಡಿಕೊಳ್ಳಿ. ದ್ರವದ ನಡು ಎತ್ತರದಿಂದಲೇ ಪ್ರತಿ ಸಲ ತೆಗೆಯಿರಿ.

ಮೊದಲ ಟ್ಯೂಬಿಗೆ ಚಾರ್ಕೋಲ್ ಬಿದ್ದಾಗಿನಿಂದ ಗಡಿಯಾರ ಶುರು. 10 ನಿಮಿಷ. ಫ್ರೀ ಹಾರ್ಮೋನನ್ನು ಚಾರ್ಕೋಲ್ ಎಳೆದುಕೊಂಡ ಕೂಡಲೇ ರಿಸೆಪ್ಟರ್ ಬಿಟ್ಟುಕೊಟ್ಟದ್ದನ್ನೂ ಎಳೆಯಲು ತೊಡಗುತ್ತದೆ, ಹಾಗಾಗಿ ಹೊತ್ತು ಹೋದಷ್ಟೂ ಬೌಂಡ್ ಸೋರುತ್ತದೆ. ನಲವತ್ತು ಟ್ಯೂಬುಗಳಿಗೆ ಒಬ್ಬರೇ ಹಾಕುತ್ತಾ ಹೋದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಐದಾರು ನಿಮಿಷದ ಅಂತರ ಬೀಳುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಒಮ್ಮೆಗೆ ಹಿಡಿಯುವಷ್ಟೇ ಟ್ಯೂಬುಗಳ ತಂಡ ಮಾಡಿ, ಟೋಟಲ್ ಬೈಂಡಿಂಗ್ (ಹಾಟ್ ಮಾತ್ರ ಇರುವ) ಮತ್ತು ನಾನ್-ಸ್ಪೆಸಿಫಿಕ್ ಜೋಡಿಗಳನ್ನು ಒಂದೇ ತಂಡದಲ್ಲಿಡಿ. 2,000 ಜಿ, 10 ನಿಮಿಷ, ರೋಟರ್ ಮೊದಲೇ ತಣ್ಣಗಿರಬೇಕು. ಗುಡ್ಡೆ ಮೆತ್ತಗಿರುತ್ತದೆ, ಟ್ಯೂಬ್ ವಾಲಿಸಿದರೆ ಜಾರುತ್ತದೆ. ತಿಳಿಯನ್ನೆಲ್ಲ ಬಳಿದು ತೆಗೆಯುವ ಆಸೆ ಬೇಡ, ಮೇಲಿನ ಮುಕ್ಕಾಲು ಪಾಲು ತೆಗೆದು ಲೆಕ್ಕದಲ್ಲಿ ಸರಿಪಡಿಸಿ.

ಸೈಟೋಸಾಲ್ ಇಲ್ಲದ ಬರೀ ಬಫರ್ ಜತೆ ಹಾಟ್ ಹಾಕಿದ ಟ್ಯೂಬ್ ಒಂದಿರಲಿ. ಚಾರ್ಕೋಲ್ ಆದ ಮೇಲೆ ಅದರಲ್ಲಿ ಉಳಿಯುವುದು ಹಾಕಿದ್ದರ ಶೇ. 1ರ ಸುತ್ತ ಇರಬೇಕು. ಹೆಚ್ಚಿದ್ದರೆ ಒಂದೋ ಚಾರ್ಕೋಲ್ ಸಾಲದು, ಇಲ್ಲವೇ ನಿಮ್ಮ ಹಾಟ್ ಹಳತಾಗಿ ಕೆಟ್ಟಿದೆ. ಟ್ರಿಟಿಯಂ ಲೇಬಲ್ ಇಟ್ಟಲ್ಲೇ ತನ್ನ ವಿಕಿರಣಕ್ಕೆ ತಾನೇ ಒಡೆಯುತ್ತದೆ. ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಮಾಡಿ ಶುದ್ಧತೆ ನೋಡಿಕೊಳ್ಳಿ.

ಒಂದು ಇಕ್ಕಟ್ಟು ಇದೆ. ಎಡ ತುದಿ ಸರಿಯಾಗಬೇಕಾದರೆ ಸೈಟೋಸಾಲ್ ತೆಳು ಮಾಡಬೇಕು. ತೆಳು ಮಾಡಿ ಪ್ರೋಟೀನ್ ಮಿ.ಲೀ.ಗೆ 1 ಮಿ.ಗ್ರಾಂಗಿಂತ ಇಳಿದರೆ ಚಾರ್ಕೋಲ್ ರಿಸೆಪ್ಟರನ್ನೇ ಹಿಡಿದುಕೊಳ್ಳುತ್ತದೆ. ಆ ಹಂತಕ್ಕೆ ಹೋಗುವುದಾದರೆ ಚಾರ್ಕೋಲ್ ಬಿಟ್ಟು ಹೈಡ್ರಾಕ್ಸಿಅಪಟೈಟ್‌ಗೆ ಬನ್ನಿ. ಅದರಲ್ಲಿ ಉಲ್ಟಾ, ರಿಸೆಪ್ಟರ್ ಪುಡಿಗೆ ಅಂಟುತ್ತದೆ, ಫ್ರೀ ತೊಳೆದುಹೋಗುತ್ತದೆ. ಶೇ. 60ರ ಸ್ಲರಿ 250 ಮೈಕ್ರೋಲೀಟರ್, ಐಸ್ ಮೇಲೆ 15 ನಿಮಿಷ, ಐದೈದು ನಿಮಿಷಕ್ಕೊಮ್ಮೆ ವೋರ್ಟೆಕ್ಸ್, ತಣ್ಣನೆ ಟ್ರಿಸ್ ಬಫರ್‌ನಲ್ಲಿ ಮೂರು ಸಲ ತೊಳೆತ, ಕೊನೆಗೆ 1.5 ಮಿ.ಲೀ. ಎಥನಾಲ್‌ನಲ್ಲಿ ಬಿಡಿಸಿ ಎಣಿಕೆ. ಬಫರ್‌ನಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ರಿಸೆಪ್ಟರ್ ಅಂಟುವುದೇ ಇಲ್ಲ, ಇದನ್ನು ಮರೆತು ದಿನ ಕಳೆದುಕೊಳ್ಳಬೇಡಿ.

ದೊಡ್ಡ ಇಲಿಯ ಬಗ್ಗೆ: ಹೌದು, ಅದು ಲೇಸು, ಆದರೆ ಅಂಡಾಶಯ ತೆಗೆದು 7ರಿಂದ 10 ದಿನ ಬಿಟ್ಟದ್ದು. ತೆಗೆಯದ ಇಲಿಯಲ್ಲಿ ಅದರದ್ದೇ ಈಸ್ಟ್ರಡಯಾಲ್ ಋತುಚಕ್ರದ ಜತೆ ಏರಿಳಿಯುತ್ತದೆ. ಪ್ರೋಈಸ್ಟ್ರಸ್‌ನಲ್ಲಿ (ಚಕ್ರದಲ್ಲಿ ಈಸ್ಟ್ರಡಯಾಲ್ ಏರಿರುವ ಹಂತ) ಗರ್ಭಕೋಶ ತೆಗೆದರೆ ರಿಸೆಪ್ಟರ್‌ನ ದೊಡ್ಡ ಪಾಲು ಹಾರ್ಮೋನ್ ತುಂಬಿಕೊಂಡು ನ್ಯೂಕ್ಲಿಯಸ್ಸಿಗೆ ಗಟ್ಟಿಯಾಗಿ ಅಂಟಿರುತ್ತದೆ, ಸೈಟೋಸಾಲ್ ಎಣಿಕೆ ಸುಮ್ಮನೆ ಕಡಿಮೆ ಬರುತ್ತದೆ. ಅದನ್ನು ಅಳೆಯಲು ನ್ಯೂಕ್ಲಿಯರ್ ಪೆಲೆಟ್ ಮೇಲೆ 37 ಡಿಗ್ರಿಯಲ್ಲಿ 30 ನಿಮಿಷದ ಎಕ್ಸ್‌ಚೇಂಜ್ ಅಸ್ಸೇ (ತುಂಬಿಕೊಂಡ ಹಾರ್ಮೋನ್ ಜಾಗಕ್ಕೆ ಹಾಟ್ ಕೂರಿಸುವುದು) ಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಸೇರಿಸುವ ಮೊದಲು ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಗೆ ತಿದ್ದುಪಡಿ ಅರ್ಜಿ ಹಾಕಿ.

ಶಿಕಾಗೋ_ಟಿಪ್ಪಣಿ

ಎರಡನೇ ಪ್ರಶ್ನೆಗೆ ಯಾರೂ ಕೈಹಾಕಿಲ್ಲ. ಚಿಕ್ಕ ಉತ್ತರ: ಹಾಗೆ ಬರೆಯಬೇಡಿ. ಈಸ್ಟ್ರಜನ್ ರಿಸೆಪ್ಟರ್ ಹಾರ್ಮೋನ್ ಬರುವ ಮೊದಲೇ ಬಹುಪಾಲು ನ್ಯೂಕ್ಲಿಯಸ್‌ನಲ್ಲೇ ಇರುತ್ತದೆ. ಹಾರ್ಮೋನ್ ಇಲ್ಲದಾಗ ಅದರ ಅಂಟು ಸಡಿಲ, ಆದ್ದರಿಂದ ಹೋಮೋಜಿನೈಸರ್‌ನಲ್ಲಿ ಅರೆದಾಗ ನೀರಿಗೆ ಸೋರಿ ಸೈಟೋಸಾಲ್ ಪಾಲಾಗುತ್ತದೆ. ನಿಮ್ಮ ಟ್ಯೂಬಿನಲ್ಲಿರುವುದು ಸೋರಿದ ರಿಸೆಪ್ಟರ್. ಅಳತೆಗೆ ಅದರಿಂದ ತೊಂದರೆ ಇಲ್ಲ, ಕೋಶದಲ್ಲಿ ಎಲ್ಲಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿಯಲ್ಲ.

ಈ ತಿಳಿವಳಿಕೆ ಬಂದ ಬಗೆ ಪ್ರಬಂಧದ ಪೀಠಿಕೆಗೆ ಬೇಕಾದೀತು. ಶಿಕಾಗೋ ವಿಶ್ವವಿದ್ಯಾಲಯದ ಬೆನ್ ಮೇ ಪ್ರಯೋಗಾಲಯದಲ್ಲಿ ಜೆನ್ಸನ್, ಹರ್ಬರ್ಟ್ ಜೇಕಬ್ಸನ್ ಜತೆ, 1950ರ ದಶಕದ ಕೊನೆಯಲ್ಲಿ ಟ್ರಿಟಿಯಂ ಅನಿಲದಿಂದಲೇ ಈಸ್ಟ್ರಡಯಾಲ್‌ಗೆ ಲೇಬಲ್ ಹಚ್ಚಿದರು. ಅದು ಯಾಕೆ ಬೇಕಾಯಿತು ಎಂದರೆ, ಎಳೆ ಇಲಿಗೆ ಕೊಡುವ ನೈಸರ್ಗಿಕ ಪ್ರಮಾಣ 0.1 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ. ಒಂದು ಕಾರ್ಬನ್-14 ಪರಮಾಣು ಹಚ್ಚಿದರೆ ಮಿಲಿಮೋಲ್‌ಗೆ ಹೆಚ್ಚೆಂದರೆ 62 ಮಿಲಿಕ್ಯೂರಿ, ಒಂದು ಟ್ರಿಟಿಯಂಗೆ ಸುಮಾರು 29 ಕ್ಯೂರಿ. ನಾನೂರಕ್ಕೂ ಹೆಚ್ಚು ಪಟ್ಟು. ಈ ಹೊಳಪಿಲ್ಲದೆ ಅಷ್ಟು ಸಣ್ಣ ಪ್ರಮಾಣವನ್ನು ಅಂಗಾಂಶದಲ್ಲಿ ಹುಡುಕುವ ಮಾತೇ ಇರಲಿಲ್ಲ.

ಆಗ ಚಾಲ್ತಿಯಲ್ಲಿದ್ದ ವಿವರಣೆ ಬೇರೆ. ಈಸ್ಟ್ರಡಯಾಲ್ ಮತ್ತು ಈಸ್ಟ್ರೋನ್ ಒಂದರಿಂದೊಂದಕ್ಕೆ ಬದಲಾಗುತ್ತಾ ಹೈಡ್ರೋಜನ್ ಸಾಗಿಸುತ್ತವೆ, ಕಿಣ್ವದ ಮೂಲಕವೇ ಕೆಲಸ ಮಾಡುತ್ತವೆ ಎಂದು ನಂಬಿದ್ದರು. ಜೆನ್ಸನ್ ಕಂಡದ್ದು: ಪಿತ್ತಜನಕಾಂಗ, ಮೂತ್ರಪಿಂಡಕ್ಕೆ ವಿಕಿರಣ ಬೇಗ ಏರಿ ಬೇಗ ಇಳಿಯಿತು, ಗರ್ಭಕೋಶ, ಯೋನಿ ಗಂಟೆಗಟ್ಟಲೆ ಹಿಡಿದುಕೊಂಡವು. ಗರ್ಭಕೋಶದಿಂದ ಹೊರತೆಗೆದರೆ ಅದು ಈಸ್ಟ್ರಡಯಾಲಾಗಿಯೇ ಇತ್ತು, ಏನೂ ಬದಲಾಗಿರಲಿಲ್ಲ. ಬೆಳವಣಿಗೆ ತಡೆಯುವ ಆಕ್ಟಿನೋಮೈಸಿನ್ ಡಿ, ಪ್ಯೂರೋಮೈಸಿನ್ ಕೊಟ್ಟರೂ ಈ ಹಿಡಿತ ತಪ್ಪಲಿಲ್ಲ. ಅಂದರೆ ಹಿಡಿಯುವುದು ಮೊದಲು, ಬೆಳೆಯುವುದು ಆಮೇಲೆ. 1958ರಲ್ಲಿ ವಿಯೆನ್ನಾದ ಜೀವರಸಾಯನ ಸಮಾವೇಶದಲ್ಲಿ ಇದನ್ನು ಹೇಳಿದಾಗ ಕೇಳಲು ಬಂದವರು ಐದು ಮಂದಿ, ಅದರಲ್ಲಿ ಮೂವರು ಅದೇ ಗೋಷ್ಠಿಯಲ್ಲಿ ಮಾತಾಡಬೇಕಾದವರು ಎಂದು ಜೆನ್ಸನ್ ಹೇಳುತ್ತಿದ್ದರು.

1966ರಲ್ಲಿ ಟಾಫ್ಟ್ ಮತ್ತು ಗೋರ್ಸ್ಕಿ ಇಲಿ ಗರ್ಭಕೋಶದ ಸೈಟೋಸಾಲ್‌ನಿಂದ ರಿಸೆಪ್ಟರನ್ನು ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ ಬೇರ್ಪಡಿಸಿ ತೋರಿಸಿದರು. 1968ರಲ್ಲಿ ಜೆನ್ಸನ್ ಗುಂಪು, ಗೋರ್ಸ್ಕಿ ಗುಂಪು ಎರಡೂ ‘ಎರಡು ಹೆಜ್ಜೆ’ ವಾದ ಮುಂದಿಟ್ಟವು. ನಿಮ್ಮ ಪಠ್ಯದಲ್ಲಿರುವುದು ಅದು. ಅದನ್ನು ತಿದ್ದಿದವರೂ ಅದೇ ಮನೆಯವರು. 1984ರಲ್ಲಿ ಶಿಕಾಗೋದಲ್ಲಿ ಜೆಫ್ರಿ ಗ್ರೀನ್ ಬೆಳೆಸಿದ ಮೊನೊಕ್ಲೋನಲ್ ಪ್ರತಿಕಾಯಗಳಿಂದ ಕಿಂಗ್ ಮತ್ತು ಗ್ರೀನ್ ಬಣ್ಣ ಹಾಕಿ ನೋಡಿದರೆ, ಹಾರ್ಮೋನ್ ಇದ್ದರೂ ಇಲ್ಲದಿದ್ದರೂ ಬಣ್ಣ ನ್ಯೂಕ್ಲಿಯಸ್‌ನಲ್ಲೇ. ಅದೇ ವರ್ಷ ವೆಲ್ಶನ್ಸ್, ಲೀಬರ್‌ಮನ್ ಮತ್ತು ಸ್ವತಃ ಗೋರ್ಸ್ಕಿ, ಸೈಟೋಕಲಾಸಿನ್ ಬಳಸಿ ಕೋಶದ ನ್ಯೂಕ್ಲಿಯಸ್ಸನ್ನೇ ಹೊರಗೆಳೆದು ಎರಡು ಪಾಲು ಮಾಡಿದರು. ಅರೆಯದೆ, ನೀರು ಬೆರೆಸದೆ. ಖಾಲಿ ರಿಸೆಪ್ಟರ್ ನ್ಯೂಕ್ಲಿಯಸ್ ಪಾಲಿನಲ್ಲೇ ಇತ್ತು.

ಇದನ್ನು ಎಲ್ಲ ಸ್ಟೀರಾಯ್ಡ್ ರಿಸೆಪ್ಟರ್‌ಗಳಿಗೂ ಎಳೆಯಬೇಡಿ. ಗ್ಲೂಕೋಕಾರ್ಟಿಕಾಯ್ಡ್ ರಿಸೆಪ್ಟರ್ ಹಾರ್ಮೋನ್ ಇಲ್ಲದಾಗ ನಿಜವಾಗಿಯೂ ಸೈಟೋಪ್ಲಾಸಂನಲ್ಲಿರುತ್ತದೆ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಚಿತ್ರದಲ್ಲಿ ಬರೆಯುವುದರಿಂದಲೇ ಈ ಗೊಂದಲ ಉಳಿದುಕೊಂಡಿದೆ. ಪ್ರಬಂಧದಲ್ಲಿ ‘1,05,000 ಜಿ ತಿಳಿಯಲ್ಲಿ ಸಿಕ್ಕ, ಹಾರ್ಮೋನ್ ಕೂಡದ ರಿಸೆಪ್ಟರ್’ ಎಂದು ಬರೆದರೆ ಯಾವ ಪರೀಕ್ಷಕರೂ ತಕರಾರು ತೆಗೆಯುವುದಿಲ್ಲ.

ಕೋಳಿಮರಿ

ಟ್ರಿಟಿಯಂ ಪರವಾನಗಿ, ಕೌಂಟರ್ ಯಾವುದೂ ಇಲ್ಲದ ಕಾಲೇಜಿನವರು ಇದನ್ನು ಓದುತ್ತಿದ್ದರೆ: ಬೈಂಡಿಂಗ್ ಬದಲು ಪರಿಣಾಮ ಅಳೆಯಬಹುದು. ಗರ್ಭಕೋಶದ ತೂಕದ ಪರೀಕ್ಷೆಗೆ ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) 440ನೇ ಮಾರ್ಗಸೂಚಿ ಇದೆ. ಗುಂಪಿಗೆ ಕನಿಷ್ಠ 6 ಇಲಿ, ಮೂರು ದಿನ ಡೋಸ್, ಕೊನೆಯದಾದ 24 ಗಂಟೆಗೆ ಗರ್ಭಕೋಶ ತೆಗೆದು ಒಳಗಿನ ದ್ರವದ ಸಮೇತ ಒಂದು ತೂಕ, ಚುಚ್ಚಿ ದ್ರವ ಹೀರಿಸಿ ಇನ್ನೊಂದು ತೂಕ. ತೆಗೆಯುವಾಗಲೇ ಗರ್ಭಕೋಶ ಚುಚ್ಚಿಹೋದರೆ ಮೊದಲ ತೂಕ ಹೋಯಿತು. ಆಹಾರದ ಸೋಯಾ ನೋಡಿಕೊಳ್ಳಿ. ಗ್ರಾಂ ಆಹಾರಕ್ಕೆ 350 ಮೈಕ್ರೋಗ್ರಾಂ ಜೆನಿಸ್ಟೀನ್ ಸಮಾನಕ್ಕಿಂತ ಹೆಚ್ಚಿದ್ದರೆ ಕಂಟ್ರೋಲ್ ಇಲಿಗಳ ಗರ್ಭಕೋಶವೇ ಊದಿಕೊಂಡಿರುತ್ತದೆ. ಭಟ್ಟರು ಹೇಳಿದ ಫೀಟೋಪ್ರೋಟೀನ್ ಇಲ್ಲೂ ಕೈಯಾಡಿಸುತ್ತದೆ: ಎಳೆ ಇಲಿಯಲ್ಲಿ ಈಸ್ಟ್ರಡಯಾಲ್ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ, ಡಿಇಎಸ್ ಹಾಗಲ್ಲ.

ಇಲಿ ಬೇಡವೆಂದರೆ ಗಂಡು ಕೋಳಿಮರಿ. ಈಸ್ಟ್ರಡಯಾಲ್ ಚುಚ್ಚಿದರೆ ಗಂಡಿನ ಪಿತ್ತಜನಕಾಂಗವೂ ಮೊಟ್ಟೆಯ ಪ್ರೋಟೀನ್ ಮಾಡತೊಡಗುತ್ತದೆ, ವೈಟೆಲೋಜೆನಿನ್ ಮತ್ತು ರೈಬೋಫ್ಲೇವಿನ್ ವಾಹಕ ಪ್ರೋಟೀನ್ ರಕ್ತಕ್ಕೆ ಬರುತ್ತವೆ. ಕಂಟ್ರೋಲ್ ಗಂಡುಮರಿಯಲ್ಲಿ ಎರಡೂ ಇರುವುದಿಲ್ಲ, ಹಾಗಾಗಿ ಹಿನ್ನೆಲೆ ಶೂನ್ಯ. ಎರಡನೇ ಸಲ ಚುಚ್ಚಿದಾಗ ಉತ್ತರ ಬೇಗ ಬರುತ್ತದೆ, ಹೆಚ್ಚೂ ಬರುತ್ತದೆ. ಒಮ್ಮೆ ಬಳಸಿದ ಮರಿಯನ್ನು ಕಂಟ್ರೋಲ್ ಆಗಿ ಮತ್ತೆ ಬಳಸಕೂಡದು. ರೈಬೋಫ್ಲೇವಿನ್ ವಾಹಕದ ಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಿ. ಆರ್. ಅಡಿಗರ ಗುಂಪು ದೊಡ್ಡ ಕೆಲಸ ಮಾಡಿದೆ, ಅಳೆಯುವ ವಿಧಾನಗಳು ಅವರ ಪ್ರಬಂಧಗಳಲ್ಲಿ ಸಿಗುತ್ತವೆ.

ಸ್ಮಿತಾ_ಪ್ರಾಣಿಶಾಸ್ತ್ರ

ಡಿಇಎಸ್ ತರಿಸುತ್ತಿದ್ದೇವೆ. ಸ್ಟಾಕ್ ಹೇಗೆ ಮಾಡಬೇಕು? ಎಥನಾಲ್ ಎಷ್ಟರವರೆಗೆ ಸಹಿಸುತ್ತದೆ?

ಸುಕ್ರೋಸ್_ಭಟ್ಟ

ಅಣುತೂಕ 268. 2.68 ಮಿ.ಗ್ರಾಂ ತೂಗಿ 10 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. ಅದನ್ನು ಎಥನಾಲ್‌ನಲ್ಲೇ ಹತ್ತು ಪಟ್ಟು ತೆಳು ಮಾಡಿದರೆ 100 ಮೈಕ್ರೋಮೋಲಾರ್. ನಿಮ್ಮ 250 ಮೈಕ್ರೋಲೀಟರ್ ಟ್ಯೂಬಿಗೆ ಅದರಿಂದ 5 ಮೈಕ್ರೋಲೀಟರ್ ಹಾಕಿದರೆ 2 ಮೈಕ್ರೋಮೋಲಾರ್, 10 ನ್ಯಾನೊಮೋಲಾರ್ ಹಾಟ್‌ಗೆ 200 ಪಟ್ಟು. ಎಥನಾಲ್ ಶೇ. 2 ಆಗುತ್ತದೆ, ಅದಕ್ಕಿಂತ ಮೇಲೆ ಹೋಗಬೇಡಿ. ಟೋಟಲ್ ಬೈಂಡಿಂಗ್ ಟ್ಯೂಬುಗಳಿಗೂ ಅಷ್ಟೇ ಬರೀ ಎಥನಾಲ್ ಹಾಕಿ, ಇಲ್ಲದಿದ್ದರೆ ಎಥನಾಲ್ ಮಾಡಿದ್ದನ್ನು ಡಿಇಎಸ್ ತಲೆಗೆ ಕಟ್ಟಿದಂತಾಗುತ್ತದೆ. ಮೊದಲು ಡಿಇಎಸ್, ಆಮೇಲೆ ಹಾಟ್, ಕೊನೆಗೆ ಸೈಟೋಸಾಲ್. ಸೈಟೋಸಾಲ್ ಮೇಲೆ ನೇರ ಎಥನಾಲ್ ಬಿಟ್ಟರೆ ಆ ಜಾಗದಲ್ಲಿ ಪ್ರೋಟೀನ್ ಹೆಪ್ಪುಗಟ್ಟುತ್ತದೆ.

ಬಾಟಲಿ ಕಂದು ಬಣ್ಣದ್ದಿರಲಿ, ಮೈನಸ್ 20ರಲ್ಲಿಡಿ. ಬೆಳಕಿಗೆ, ಕರಗಿದ ಸ್ಥಿತಿಯಲ್ಲಿ, ಟ್ರಾನ್ಸ್ ರೂಪ ಸಿಸ್‌ಗೆ ತಿರುಗುತ್ತದೆ, ಸಿಸ್ ಹಿಡಿತ ದುರ್ಬಲ. ತೂಗುವಾಗ ಕೈಗವಸು, ಮಾಸ್ಕ್ ಎರಡೂ ಬೇಕೇ ಬೇಕು. ಗರ್ಭಿಣಿಯರಿಗೆ ಕೊಟ್ಟ ಡಿಇಎಸ್ ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳಿಗೆ ದೊಡ್ಡವರಾದ ಮೇಲೆ ಯೋನಿಯ ಕ್ಯಾನ್ಸರ್ ತಂದದ್ದು 1971ರಲ್ಲಿ ಬೋಸ್ಟನ್‌ನಲ್ಲಿ ಬಯಲಾಯಿತು. ಲ್ಯಾಬಿನಲ್ಲಿ ಗರ್ಭಿಣಿಯರಿದ್ದರೆ ಪುಡಿ ತೂಗುವ ಕೆಲಸ ಅವರಿಗೆ ಕೊಡಬೇಡಿ. ಉಳಿದ ಟ್ಯೂಬುಗಳಲ್ಲಿ ಟ್ರಿಟಿಯಂ, ಡಿಇಎಸ್ ಎರಡೂ ಇರುವುದರಿಂದ ಬರೀ ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹೋಗಬಾರದು, ವಿಕಿರಣ ಸುರಕ್ಷತಾ ಅಧಿಕಾರಿಗೆ ಮೊದಲೇ ಹೇಳಿಡಿ. ಬೆಂಚಿನ ಮೇಲೆ ಚೆಲ್ಲಿದೆಯೇ ಎಂದು ಗೈಗರ್ ಕೌಂಟರ್ ಹಿಡಿದು ನೋಡುವುದು ದಂಡ. ಟ್ರಿಟಿಯಂನ ಬೀಟಾ ಹೆಚ್ಚೆಂದರೆ 18.6 ಕೆಇವಿ, ಆ ಕೌಂಟರಿನ ಕಿಟಕಿಯನ್ನೇ ದಾಟುವುದಿಲ್ಲ. ಒದ್ದೆ ಫಿಲ್ಟರ್ ಕಾಗದದಿಂದ ಒರೆಸಿ ಸಿಂಟಿಲೇಷನ್ ವಯಲ್‌ಗೆ ಹಾಕಿ ಎಣಿಸಿ.